ಬ್ಲಾಕ್ ನಂಬರಿನ ಊರಿನಲ್ಲಿ ಒಂದು ಇಗರ್ಜಿ

ಕಾಟಿಪಳ್ಳದಲ್ಲಿ ಯಾರದಾದರೂ ಮನೆ ಹುಡುಕಿಕೊಂಡು ಬಂದವರನ್ನು ರಿಕ್ಷಾದವರು ಮೊದಲು ಕೇಳುವುದು ‘ಎಷ್ಟನೇ ಬ್ಲಾಕ್?’ ಎಂದು. ತುಳುನಾಡಿನ ಉಳಿದ ಕಡೆ ಗುತ್ತು, ಬೈಲು, ಕೋಡಿ, ಬೆಟ್ಟು ಎಂದು ಜಾಗದ ಗುರುತು ಹೇಳಿದರೆ ಸಾಕು, ಇಲ್ಲಿ ಅಂಕಿ ಬೇಕು. ಎರಡನೇ ಬ್ಲಾಕ್, ಮೂರನೇ ಬ್ಲಾಕ್, ಪಕ್ಕದ ಕೃಷ್ಣಾಪುರಕ್ಕೆ ಹೋದರೆ ಏಳನೇ ಬ್ಲಾಕ್, ಚೊಕ್ಕಬೆಟ್ಟಿನಲ್ಲಿ ಎಂಟನೇದು. ಸರಕಾರಿ ನಕ್ಷೆಯಲ್ಲಿ ಗೆರೆ ಎಳೆದು ನಿವೇಶನ ಹಂಚಿದ ಕಾಲದ ಲೆಕ್ಕ ಈಗಲೂ ಜನರ ಬಾಯಲ್ಲಿ ಉಳಿದಿದೆ. ಊರಿಗಿಂತ ಮೊದಲು ನಂಬರು ಬಂದ ಜಾಗ ಇದು. ಇಂಥ ಜಾಗದಲ್ಲಿ ಕ್ರೈಸ್ತ ಕುಟುಂಬಗಳು ತಮ್ಮದೇ ಇಗರ್ಜಿ ಕಟ್ಟಿಕೊಂಡದ್ದರ ಹಿನ್ನೆಲೆ ತಿಳಿಯಬೇಕಾದರೆ ಗುಡ್ಡ ಇಳಿದು ಮೊದಲು ಸಮುದ್ರದ ದಡಕ್ಕೇ ಹೋಗಬೇಕು.

ಮಂಗಳೂರಿನ ಹಳೆಯ ಬಂದರು ನದೀಮುಖದ ಬಂದರು. ಮಳೆಗಾಲದಲ್ಲಿ ಅಳಿವೆ ಬಾಗಿಲು ಮುಚ್ಚಿದಂತೆಯೇ. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಸರ್ವಋತು ಬಂದರು ಬೇಕೆಂದು ದೆಹಲಿಯಲ್ಲಿ ಪಟ್ಟು ಹಿಡಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. ಬಜ್ಪೆ ವಿಮಾನ ನಿಲ್ದಾಣ, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು, ಕರಾವಳಿಯ ರಾಷ್ಟ್ರೀಯ ಹೆದ್ದಾರಿ ಎಲ್ಲದರ ಹಿಂದೆಯೂ ಅವರ ಹೆಸರಿದೆ. ಪಣಂಬೂರಿನಲ್ಲಿ 1962ರಲ್ಲಿ ಕೆಲಸ ಶುರುವಾಯಿತು. 1965ರಲ್ಲಿ ತೀರಿಕೊಂಡ ಮಲ್ಯರು ಬಂದರು ಪೂರ್ತಿಯಾದದ್ದನ್ನು ನೋಡಲಿಲ್ಲ. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು.

ನವಮಂಗಳೂರು ಬಂದರು ಪ್ರಕೃತಿ ಕೊಟ್ಟ ಕೊಲ್ಲಿಯಲ್ಲಿ ಆದದ್ದಲ್ಲ, ನೆಲ ಅಗೆದು ಸಮುದ್ರವನ್ನು ಒಳಗೆ ಕರೆದುಕೊಂಡ ಬಂದರು. ಹಡಗು ಈಗ ಬಂದು ನಿಲ್ಲುವ ಆಳದಲ್ಲಿ ಒಂದು ಕಾಲಕ್ಕೆ ತೆಂಗಿನ ತೋಟ, ಗದ್ದೆ, ಮನೆಯಂಗಳ ಇದ್ದವು. ಬಂದರಿಗೂ ಅದರ ಬೆನ್ನಿಗೆ ಬಂದ ಕಾರ್ಖಾನೆಗಳಿಗೂ ಪಣಂಬೂರು, ಬೈಕಂಪಾಡಿ ಕಡೆಯ ಜಾಗ ಹೋಯಿತು. 1894ರ ಭೂಸ್ವಾಧೀನ ಕಾಯಿದೆಯ ಕಾಲ ಅದು. ನೋಟಿಸು ಬಂದರೆ ಪರಿಹಾರದ ಮೊತ್ತದ ಬಗ್ಗೆ ತಕರಾರು ಎತ್ತಬಹುದಿತ್ತು, ಹೊರಡುವುದು ಮಾತ್ರ ತಪ್ಪುತ್ತಿರಲಿಲ್ಲ. ಮೊಗವೀರರು, ಬಿಲ್ಲವರು, ಬ್ಯಾರಿಗಳು, ಕೊಂಕಣಿ ಮಾತಾಡುವ ಕ್ರೈಸ್ತರು ಎಲ್ಲರೂ ಕಟ್ಟು ಕಟ್ಟಿಕೊಂಡು ಪೂರ್ವದ ಗುಡ್ಡೆ ಹತ್ತಿದರು. ಅಲೆಯ ಸದ್ದಿನಲ್ಲಿ ಬೆಳೆದವರಿಗೆ ಮುರಕಲ್ಲಿನ ಪದವು ಸಿಕ್ಕಿತು. ಗದ್ದೆಯ ಬದಿಯಲ್ಲಿ ಬದುಕಿದವರಿಗೆ ಸೆಂಟ್ಸ್ ಲೆಕ್ಕದ ನಿವೇಶನ.

ಹೀಗೆ ಎದ್ದು ಹೋಗುವಾಗ ಯಾವುದನ್ನು ಹೊತ್ತೊಯ್ಯಬಹುದು, ಯಾವುದನ್ನು ಆಗುವುದಿಲ್ಲ? ಹಂಚು, ಬಾಗಿಲು, ಕಿಟಕಿ, ತೊಲೆ ಇಳಿಸಿ ಗಾಡಿಗೇರಿಸಬಹುದು. ದೈವದ ಮೊಗ, ಖಡ್ಸಲೆಗಳನ್ನು ಕ್ರಮ ಪ್ರಕಾರ ಇನ್ನೊಂದೆಡೆ ನೆಲೆಗೊಳಿಸಬಹುದು. ಮಸೀದಿಯನ್ನೂ ಭಜನಾ ಮಂದಿರವನ್ನೂ ಹೊಸದಾಗಿ ಕಟ್ಟಿಕೊಳ್ಳಬಹುದು. ಕ್ರೈಸ್ತರಿಗೆ ಕಷ್ಟವಾದದ್ದು ಮಣ್ಣಿನಲ್ಲಿದ್ದ ಹಿರಿಯರ ವಿಷಯ. ನವೆಂಬರ್ 2ರಂದು ಸಮಾಧಿಗೆ ಹೂ ಇಟ್ಟು, ಮೇಣದಬತ್ತಿ ಹಚ್ಚಿ, ಪಾದ್ರಿಗಳಿಂದ ತೀರ್ಥ ಹಾಕಿಸುವ ಪದ್ಧತಿ ಇರುವವರಿಗೆ ಸ್ಮಶಾನ ದೂರವಾಗುವುದು ಸಣ್ಣ ಸಂಗತಿಯೇನಲ್ಲ. ಹೊಸ ಧರ್ಮಕೇಂದ್ರವೊಂದು ಕೇಳುವ ಮೊದಲ ಮೂರು ಸಂಗತಿಗಳಲ್ಲಿ ಸ್ಮಶಾನದ ಜಾಗವೂ ಒಂದಾಗಿರುವುದು ಸುಮ್ಮನೆ ಅಲ್ಲ. ಉಳಿದೆರಡು, ಬಾವಿ ಮತ್ತು ಶಾಲೆ.

ಗುಡ್ಡೆಗೆ ಬಂದವರಿಗೆ ಹತ್ತಿರದ ಹಳೆಯ ಇಗರ್ಜಿ ಸುರತ್ಕಲ್‌ನ ಸೇಕ್ರೆಡ್ ಹಾರ್ಟ್. ಇವತ್ತು ಬಸ್ಸಿನಲ್ಲಿ ಕೆಲವೇ ನಿಮಿಷದ ದಾರಿ. ಆಗಿನ ಲೆಕ್ಕ ಬೇರೆ. ಆಟಿಯ ಮಳೆಯಲ್ಲಿ, ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಪೂಜೆಯ ಉಪವಾಸದಲ್ಲಿ ಆ ಹಾದಿ ನಡೆಯುವುದೆಂದರೆ ಭಾನುವಾರದ ಅರ್ಧ ಮುಗಿದಂತೆ. ಮಂಗಳೂರು ಧರ್ಮಪ್ರಾಂತದಲ್ಲಿ ಹೊಸ ಇಗರ್ಜಿಗಳು ಹುಟ್ಟಿಕೊಂಡದ್ದರ ಹಿಂದೆ ಹಲವು ಸಲ ಇದ್ದದ್ದು ಇದೇ ಕಾಲುದಾರಿಯ ದಣಿವು. ತಾಯಿ ಇಗರ್ಜಿಯಿಂದ ದೂರವಿದ್ದ ವಾಡೊದವರು, ಅಂದರೆ ಒಂದು ಕೇರಿಯ ಕ್ರೈಸ್ತರು, ಮೊದಲು ಯಾರದೋ ಮನೆಯಂಗಳದಲ್ಲಿ ತೇರ್ಸ್ (ಜಪಮಾಲೆ) ಹೇಳುತ್ತಾರೆ. ಆಮೇಲೆ ಒಂದು ಕೊಪೆಲ್, ಚಿಕ್ಕ ಪ್ರಾರ್ಥನಾಲಯ, ಏಳುತ್ತದೆ. ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿಗಳು ವಾರಕ್ಕೊಮ್ಮೆ ಬರತೊಡಗುತ್ತಾರೆ. ಕೊನೆಗೊಂದು ದಿನ ಬಿಷಪರ ಆದೇಶ ಬಂದು ಕೊಪೆಲ್ ಇಗರ್ಜಿಯಾಗುತ್ತದೆ.

ಕಾಟಿಪಳ್ಳದ ಇಗರ್ಜಿ ನಿಂತದ್ದು ಬಾಲ ಮರಿಯಮ್ಮನ ಹೆಸರಿನಲ್ಲಿ. ‘ಇನ್‌ಫೆಂಟ್ ಮೇರಿ’ ಎಂದರೆ ಊರಿನಲ್ಲಿ ಎಲ್ಲ ಧರ್ಮದವರಿಗೂ ಗೊತ್ತು, ಏಕೆಂದರೆ ಶಾಲೆಗೂ ಅದೇ ಹೆಸರು. ಕರಾವಳಿಯ ಕ್ರೈಸ್ತರಿಗೆ ಈ ಹೆಸರಿನೊಂದಿಗೆ ಇನ್ನೊಂದು ನಂಟಿದೆ. ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬವೇ ಇಲ್ಲಿನ ಮೊಂತಿ ಫೆಸ್ತ್, ತೆನೆ ಹಬ್ಬ. ಬಂಟ್ವಾಳದ ದಾರಿಯಲ್ಲಿರುವ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಗೋವೆಯ ಪಾದ್ರಿ ಜೊವಾಕಿಂ ಮಿರಾಂದಾ 1763ರಲ್ಲಿ ಇದನ್ನು ಆರಂಭಿಸಿದರೆಂಬುದು ರೂಢಿಯ ಮಾತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಪುಟ್ಟ ಮರಿಯಮ್ಮನ ಪ್ರತಿಮೆಗೆ ಸಲ್ಲಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ. ತೆನೆಯನ್ನು ಮನೆಗೊಯ್ದು, ಕಾಳು ಸುಲಿದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಹಂಚಬೇಕು. ಬಾಳೆಲೆಯ ಮೇಲೆ ಬರೀ ತರಕಾರಿ. ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ. ಕರಾವಳಿಯವರಿಗೆ ಇದೊಂದು ತ್ಯಾಗವೇ. ನೆರೆಯ ತುಳುವರ ಮನೆಗಳಲ್ಲಿ ತೆನೆ ಕಟ್ಟುವುದು, ಹೊಸಕ್ಕಿ ಊಟ ಮಾಡುವುದು ಇದೇ ಆಸುಪಾಸಿನ ದಿನಗಳಲ್ಲಿ. ಯಾರು ಯಾರಿಂದ ಕಲಿತರು ಎಂದು ಇತಿಹಾಸಕಾರರು ವಾದಿಸಲಿ. ಗದ್ದೆ ಒಂದೇ ಇದ್ದಾಗ ಹಬ್ಬ ಎರಡು ದಾರಿ ಹಿಡಿಯುವುದು ಕಷ್ಟ.

ಹೊಸ ಜಾಗದಲ್ಲಿ ಬರಿಗೈಯಿಂದ ಇಗರ್ಜಿ ಕಟ್ಟುವುದು ಈ ಸಮುದಾಯಕ್ಕೆ ಹೊಸ ಕೆಲಸವಾಗಿರಲಿಲ್ಲ. ಮಂಗಳೂರಿನ ರೊಸಾರಿಯೊ 1568ರದ್ದು, ಮಿಲಾಗ್ರಿಸ್ 1680ರದ್ದು. ಕೆಳದಿ ಅರಸರ ಕಾಲದಲ್ಲಿ ಗೋವೆಯಿಂದ ಬಂದ ಬೇಸಾಯಗಾರರು ಒಳನಾಡಿನಲ್ಲೂ ನೆಲೆ ಕಂಡು ಅಲ್ಲಲ್ಲಿ ಇಗರ್ಜಿ ಎಬ್ಬಿಸಿದ್ದರು. 1784ರ ಫೆಬ್ರವರಿ, ವಿಭೂತಿ ಬುಧವಾರದ ಹೊತ್ತು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬ್ರಿಟಿಷರೊಂದಿಗಿನ ಯುದ್ಧದಲ್ಲಿ ಅವರು ಶತ್ರುವಿಗೆ ನೆರವಾದರೆಂಬುದು ಆಪಾದನೆ. ಸಂಖ್ಯೆಯ ಬಗ್ಗೆ ದಾಖಲೆಗಳಲ್ಲಿ ಒಮ್ಮತವಿಲ್ಲ. ಹೆಚ್ಚಾಗಿ ಉಲ್ಲೇಖವಾಗುವುದು 60,000. ಕೆಡವಿದ ಇಗರ್ಜಿಗಳು 27 ಎನ್ನುತ್ತಾರೆ. ಆದರೆ ಮೊಂತೆ ಮರಿಯಾನೊ ಮಿರಾಂದಾ ಮೇಲಿನ ಗೌರವದಿಂದ ಉಳಿಯಿತೆಂದು ಹೇಳಿಕೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ವಾಪಸು ನಡೆದರು. ಹೋದವರಲ್ಲಿ ಮರಳಿದವರು ಒಂದು ಪಾಲು ಮಾತ್ರ. ಅವರ ಗದ್ದೆಯಲ್ಲಿ ಬೇರೆಯವರು ಉಳುತ್ತಿದ್ದರು, ಇಗರ್ಜಿ ಇದ್ದಲ್ಲಿ ಪೊದೆ ಬೆಳೆದಿತ್ತು. ಆಗ ಕಟ್ಟಿದ ಗುಡಿಗಳು ಗೋವೆಯ ಬಿಳಿ ಗೋಪುರಗಳ ಸಾಲಿಗೆ ಸೇರುವಂಥವೇನೂ ಅಲ್ಲ; ಹುಲ್ಲು ಹೊದಿಸಿದ ಮಣ್ಣಿನ ಗೋಡೆಗಳಿಂದ ಶುರು ಮಾಡಬೇಕಿತ್ತು. ರೊಸಾರಿಯೊ ಮತ್ತೆ ಎದ್ದು ನಿಂತದ್ದು 1813ರಲ್ಲಿ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯದು ಇನ್ನೂ ಚೆಂದದ ಕತೆ. 1759ರ ಇಗರ್ಜಿ 1784ರಲ್ಲಿ ಹೋಯಿತು. ಮರಳಿ ಬಂದವರು ಸಂತರ ಮರದ ಪ್ರತಿಮೆಯನ್ನು ಹೊತ್ತು ಜಾಗ ಹುಡುಕುತ್ತಾ ಹೋಗುವಾಗ ಒಂದು ಕೆರೆಯ ಬಳಿ ಇಳಿಸಿದ ಪ್ರತಿಮೆ ಮತ್ತೆ ಮೇಲೇಳಲಿಲ್ಲವಂತೆ. ಅಲ್ಲೇ ಇಗರ್ಜಿಯಾಯಿತು. 2016ರಲ್ಲಿ ಅದಕ್ಕೆ ಮೈನರ್ ಬೆಸಿಲಿಕಾದ ಗೌರವ ಬಂತು. ಕಾಟಿಪಳ್ಳದವರಿಗೆ ಮಾತ್ರ ಜಾಗ ಆರಿಸುವ ಸ್ವಾತಂತ್ರ್ಯವನ್ನು ಸಂತರೂ ಕೊಡಲಿಲ್ಲ, ಸರಕಾರವೂ ಕೊಡಲಿಲ್ಲ.

ಕಟ್ಟಡದ ಸಾಮಗ್ರಿಗೂ ಒಂದು ಇತಿಹಾಸವಿದೆ, ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಅದನ್ನು ಮರೆಯುತ್ತವೆ. ಕರಾವಳಿಯ ಇಗರ್ಜಿ ನಿಂತಿರುವುದು ಮುರಕಲ್ಲಿನ ಮೇಲೆ. ಪಣೆಯಲ್ಲಿ ಹೊಸದಾಗಿ ತೆಗೆಯುವಾಗ ಅದು ಪಿಕ್ಕಾಸಿಗೆ ಸಲೀಸಾಗಿ ಬಾಗುತ್ತದೆ; ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಟಿಪ್ಪು ಮಡಿದ ಮರುವರ್ಷವೇ ಮೈಸೂರು, ಕೆನರಾ, ಮಲಬಾರಿನ ಪ್ರವಾಸ ಹೊರಟ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ನೋಡಿ ಬೆರಗಾಗಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಗೋಡೆ ಕಲ್ಲಿನದಾದರೂ ಮೇಲೆ ಹುಲ್ಲಿದ್ದರೆ ಪ್ರತಿ ವರ್ಷ ಹೊದಿಸಬೇಕು, ಬೆಂಕಿಯ ಭಯ ಬೇರೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. 1868ರಲ್ಲಿ ಪಾಸ್ಕಲ್ ಆಲ್ಬುಕರ್ಕ್ ಪಾಣೆಮಂಗಳೂರಿನಲ್ಲಿ ಇನ್ನೊಂದನ್ನು ಶುರು ಮಾಡಿದರು. ಮುಂದಿನ ದಶಕಗಳಲ್ಲಿ ಹಳ್ಳಿಯ ಇಗರ್ಜಿಗಳ ನೆತ್ತಿ ಕೆಂಪಾಯಿತು. ಹಂಚು ಸುಟ್ಟವರು ಪ್ರಾಟೆಸ್ಟಂಟರೋ ಕೆಥೊಲಿಕರೋ ಎಂದು ಮಳೆ ವಿಚಾರಿಸುವುದಿಲ್ಲವಲ್ಲ. ಬಂದರಿನ ನಿರ್ವಸಿತರು ಮನೆ ಕಟ್ಟುವ ಹೊತ್ತಿಗೆ ಸಿಮೆಂಟಿನ ಕಾಲ ಕಾಲಿಟ್ಟಿತ್ತು. ಆದರೂ ಅಡಿಪಾಯಕ್ಕೆ ಮುರಕಲ್ಲೇ. ಕಾಟಿಪಳ್ಳದ ಪದವಿನಲ್ಲಂತೂ ಅಗೆದಲ್ಲೆಲ್ಲ ಸಿಗುವುದೂ ಅದೇ.

ಇನ್ನೊಂದು ಬದಲಾವಣೆ ರೋಮಿನಿಂದ ಬಂತು. ಪಣಂಬೂರಿನಲ್ಲಿ ಕೆಲಸ ಶುರುವಾದ 1962ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆಯೂ ಸೇರಿತು. 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ಸುಧಾರಣೆಗೆ ಒಪ್ಪಿಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಲ್ಯಾಟಿನ್ ಪೂಜೆ ಕೊಂಕಣಿಗೆ ತಿರುಗಿತು; ಬೆನ್ನು ತೋರಿಸಿ ಪೂಜೆ ಅರ್ಪಿಸುತ್ತಿದ್ದ ಪಾದ್ರಿಗಳು ಜನರತ್ತ ಮುಖ ಮಾಡಿದರು. ಅಂದರೆ ಸಮುದ್ರದ ದಡದಿಂದ ಎದ್ದು ಬಂದ ಕುಟುಂಬಗಳ ಮನೆಯೂ ಬದಲಾಯಿತು, ಇಗರ್ಜಿಯೊಳಗೆ ಕಿವಿಗೆ ಬೀಳುವ ಮಾತೂ ಬದಲಾಯಿತು, ಎರಡೂ ಒಂದೇ ದಶಕದಲ್ಲಿ. ಅಜ್ಜಿಯಂದಿರಿಗೆ ಯಾವುದು ಹೆಚ್ಚು ಕಷ್ಟವಾಯಿತೋ! ಕಟ್ಟುವವರಿಗೆ ಇದರಿಂದ ಅನುಕೂಲವೇ ಆಯಿತೆನ್ನಬೇಕು. ಉದ್ದನೆಯ ಮೊಗಸಾಲೆ, ಗೋಡೆಗಂಟಿದ ಎತ್ತರದ ಮರದ ಅಲ್ತಾರು, ಕೆತ್ತನೆ, ಚಿನ್ನದ ಲೇಪ ಇಲ್ಲದೆಯೂ ಇಗರ್ಜಿ ಪೂರ್ತಿಯಾಗುತ್ತದೆಂಬ ಹೊಸ ಕಲ್ಪನೆ ಬಂದಿತ್ತು. ಅಗಲವಾದ ಹಾಲ್, ನಾಲ್ಕೂ ಕಡೆಯಿಂದ ಗಾಳಿ, ಮಧ್ಯಕ್ಕೆ ಸರಿದ ಬಲಿಪೀಠ. ಕೈಯಲ್ಲಿ ಕಾಸು ಕಡಿಮೆಯಿದ್ದ ಸಮುದಾಯಕ್ಕೆ ಒಗ್ಗುವ ವಾಸ್ತುಶಿಲ್ಪ ಅದು. 1965ರಿಂದ 1996ರವರೆಗೆ ಮಂಗಳೂರಿನ ಬಿಷಪರಾಗಿದ್ದ ಬಾಸಿಲ್ ಸಾಲ್ವದೋರ್ ಡಿ’ಸೋಜರ ಕಾಲದಲ್ಲಿ ಬೆಳೆಯುತ್ತಿದ್ದ ಮಂಗಳೂರಿನ ಸುತ್ತ ಎದ್ದ ಇಗರ್ಜಿಗಳಲ್ಲಿ ಹಲವು ಈ ಅಚ್ಚಿನವೇ.

ಆದರೆ ಕಾಸಿಲ್ಲದೆ ಯಾವ ಅಚ್ಚಿನ ಇಗರ್ಜಿಯೂ ಏಳುವುದಿಲ್ಲ. ಬಿಷಪರ ಲಿಖಿತ ಒಪ್ಪಿಗೆ ಇಲ್ಲದೆ ಇಗರ್ಜಿ ಕಟ್ಟುವಂತಿಲ್ಲ. ಕಟ್ಟುವುದಕ್ಕೂ ಮುಂದೆ ನಡೆಸುವುದಕ್ಕೂ ಬೇಕಾದ ಸಂಪತ್ತು ಇದೆಯೇ ಎಂದು ನೋಡಿಯೇ ಅವರು ಒಪ್ಪಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಬಿಷಪರು ಅಡಿಗಲ್ಲಿಗೆ ಆಶೀರ್ವಾದ ಮಾಡುತ್ತಾರೆ. ಕಲ್ಲಿನ ಖರ್ಚು ಫಿರ್ಗಜ್‌ಗಾರರದು, ಅಂದರೆ ಆ ಇಗರ್ಜಿಗೆ ಸೇರಿದ ಕುಟುಂಬಗಳದು. ಇಲ್ಲಿ ಬರುತ್ತಾರೆ ಗುರ್ಕಾರರು. ಹಿಂದೆ ಊರಿನ ಕ್ರೈಸ್ತರ ಮುಖಂಡನಾಗಿ ಮದುವೆ, ಮರಣ, ಜಗಳ ಎಲ್ಲದಕ್ಕೂ ಮುಂದೆ ನಿಲ್ಲುತ್ತಿದ್ದವನ ಹೆಸರು ಇವತ್ತು ವಾಡೊದ ಪ್ರತಿನಿಧಿಗೆ ಬಂದಿದೆ. ಮನೆಮನೆಗೆ ಹೋಗಿ ವಂತಿಗೆ ಎತ್ತುವುದು, ಕೊಡಲಾಗದವರಿಂದ ಶ್ರಮದಾನ ಬರೆಸಿಕೊಳ್ಳುವುದು, ಕೊಡಬಹುದಾಗಿದ್ದೂ ಕೊಡದವರ ಜಗಲಿಯಲ್ಲಿ ಇನ್ನೊಂದು ಲೋಟ ಚಾ ಕುಡಿಯುವವರೆಗೆ ಕೂರುವುದು ಇವರ ಕೆಲಸ. ಕಾಟಿಪಳ್ಳದಂಥ ಕಡೆ ಇನ್ನೊಂದು ಕೆಲಸ ಕೂಡಿತು. ಬ್ಲಾಕುಗಳನ್ನು ಸರಕಾರ ನಿವೇಶನದ ಲೆಕ್ಕದಲ್ಲಿ ಮಾಡಿತ್ತು. ಯಾವ ಮನೆಯ ಪಕ್ಕ ಯಾವ ಮನೆ ಎಂಬುದರಲ್ಲಿ ಹಳೆಯ ನೆರೆಕರೆಯ ಲೆಕ್ಕವಿರಲಿಲ್ಲ. ಅವನ್ನು ಮತ್ತೆ ವಾಡೊಗಳಾಗಿ ಹೊಲಿಯಬೇಕಾಯಿತು. ಈ ಹೊಲಿಗೆಯೇ ಇಗರ್ಜಿಗಿಂತ ದೊಡ್ಡ ಕಟ್ಟಡ ಎಂದರೆ ಉತ್ಪ್ರೇಕ್ಷೆಯಾಗದು.

ದುಡ್ಡು ಹುಟ್ಟುವ ಇನ್ನೊಂದು ಜಾಗ ಹಬ್ಬದ ದಿನದ ಏಲಂ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಂದು ಮೇಜು. ಅದರ ಮೇಲೆ ಸೌತೆ, ಬೆಂಡೆ, ಹೀರೆ, ಒಂದು ಕುಂಬಳ, ಬಾಳೆಗೊನೆ, ಕೋಳಿಯ ಕಾಲಿಗೆ ಹಗ್ಗ. ಎಲ್ಲವೂ ಮನೆಯ ಮೊದಲ ಬೆಳೆ. ಮೈಕು ಹಿಡಿದವರಿಗೆ ಗಂಟಲೂ ಬೇಕು, ನಾಲಗೆಯೂ ಬೇಕು. ‘ಐವತ್ತು ಒಂದು ಸರ್ತಿ, ಐವತ್ತು ಎರಡು ಸರ್ತಿ...’ ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಇನ್ನೂ ಹತ್ತು ಏರಿಸುತ್ತಾರೆ. ಸಂತೆಯಲ್ಲಿ ಚಿಲ್ಲರೆಗೆ ಸಿಗುವ ಸೌತೆಕಾಯಿ ನೋಟು ಮುರಿಯದೆ ಇಳಿಯುವುದಿಲ್ಲ. ಕೊಂಡವರು ಅದನ್ನು ಮನೆಗೆ ಒಯ್ಯದೆ ಮತ್ತೆ ಮೇಜಿಗಿಟ್ಟು ಎರಡನೇ ಸಲ ಏಲಂ ಕೂಗಿಸುವುದೂ ಉಂಟು. ಬಾಸೆಲ್ ಮಿಶನ್ ಪರಂಪರೆಯ ದೇವಾಲಯಗಳ ಬೆಳೆ ಹಬ್ಬದಲ್ಲೂ ಇದೇ ಗದ್ದಲ; ದೇವಸ್ಥಾನಗಳ ಹೊರೆಕಾಣಿಕೆಯ ಹುರುಪೂ ಇದರ ದಾಯಾದಿ. ಇದರ ಜೊತೆಗೆ ಬೊಂಬಾಯಿಯ ಮನಿಯಾರ್ಡರುಗಳು, 1970ರ ದಶಕದ ಮಧ್ಯದಿಂದ ಗಲ್ಫಿನ ಡ್ರಾಫ್ಟುಗಳು. ಕರಾವಳಿಯ ಎಷ್ಟೋ ಇಗರ್ಜಿಗಳ ಗಂಟೆ, ಬೆಂಚು, ಫ್ಯಾನುಗಳ ಮೇಲೆ ದಾನಿಗಳ ಹೆಸರಿನ ಪಕ್ಕ ಕುವೈತ್, ಬಹರೈನ್, ದುಬೈ ಎಂದು ಬರೆದಿರುವುದು ಈ ಕಾರಣಕ್ಕೆ.

ಇಗರ್ಜಿ ಏಳುವುದು ಇಷ್ಟೊಂದು ಜನರ ಕಾಸಿನಿಂದ, ಅದಕ್ಕೇ ಒಂದು ದೂರು ಹೇಳಿಬಿಡಬೇಕು. ನಮ್ಮ ಇಗರ್ಜಿಗಳ ಇತಿಹಾಸವೆಂದರೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ವಿಗಾರ ಪಾದ್ರಿಗಳು ಎಂಬ ಪಟ್ಟಿ, ನಡುನಡುವೆ ಭಾವಚಿತ್ರ. ಪಟ್ಟಿ ಬೇಡವೆಂದಲ್ಲ. ಆದರೆ ವಂತಿಗೆಯ ಪುಸ್ತಕದಲ್ಲಿ ಎರಡು ರೂಪಾಯಿ, ಐದು ರೂಪಾಯಿ, ‘ಮೂರು ದಿನದ ಕೆಲಸ’ ಎಂದು ಬರೆದಿರುವ ಸಾಲುಗಳಿಗೆ ಅಚ್ಚಿನ ಭಾಗ್ಯ ಬರುವುದು ಅಪರೂಪ. ಬೀಡಿ ಕಟ್ಟಿ ಉಳಿಸಿದ ಹೆಂಗಸರ ದುಡ್ಡು ಗಂಡನ ಹೆಸರಿನಲ್ಲಿ ದಾಖಲಾಗಿರುತ್ತದೆ. ಸಂಚಿಕೆಯ ಸಂಪಾದಕರು ಮೊದಲು ಕಪಾಟಿನಿಂದ ತೆಗೆಯಬೇಕಾದದ್ದು ಆ ಪುಸ್ತಕಗಳನ್ನೇ.

ಅಭಿವೃದ್ಧಿಗಾಗಿ ಎದ್ದು ಹೋದ ಕರಾವಳಿಯ ಕ್ರೈಸ್ತರು ಕಾಟಿಪಳ್ಳದವರು ಮಾತ್ರವಲ್ಲ. ಹೆಚ್ಚು ಪ್ರಸಿದ್ಧವಾದದ್ದು ತಿರುವನಂತಪುರದ ಬಳಿಯ ತುಂಬಾದ ಕತೆ. ಭೂಕಾಂತೀಯ ಸಮಭಾಜಕ ರೇಖೆ ಆ ಮೀನುಗಾರರ ಹಳ್ಳಿಯ ಹತ್ತಿರ ಹಾದುಹೋಗುತ್ತದೆಂಬ ಕಾರಣಕ್ಕೆ ವಿಕ್ರಂ ಸಾರಾಭಾಯಿ ಅಲ್ಲಿನ ಬಿಷಪ್ ಪೀಟರ್ ಬರ್ನಾರ್ಡ್ ಪಿರೇರಾರನ್ನು ಕಂಡು ಸಂತ ಮೇರಿ ಮಗ್ದಲೇನರ ಇಗರ್ಜಿಯ ಜಾಗ ಕೇಳಿದರು. ಬಿಷಪರು ಜನರ ಮುಂದೆ ವಿಷಯ ಇಟ್ಟರು, ಜನ ಒಪ್ಪಿದರು. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿತು. ಇಗರ್ಜಿ ವಿಜ್ಞಾನಿಗಳ ಕಚೇರಿಯಾಯಿತು, ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ತುಂಬಾದವರನ್ನು ದೇಶ ಆಗಾಗ ನೆನೆಯುತ್ತದೆ. ಪಣಂಬೂರಿನಿಂದ ಎದ್ದವರ ಹೆಸರಿನಲ್ಲಿ ಅಂಥ ನೆನಪು ಬೆಳೆಯಲಿಲ್ಲ. ರಾಕೆಟ್ಟಿಗೆ ಇರುವ ಕಳೆ ಕಬ್ಬಿಣದ ಅದಿರು, ಗೊಬ್ಬರ, ಕಚ್ಚಾತೈಲಕ್ಕೆ ಇಲ್ಲದಿರುವುದು ಒಂದು ಕಾರಣವಿರಬೇಕು.

ಕಚ್ಚಾತೈಲ ಎಂದಾಗ ಕತೆಯ ಎರಡನೇ ಸುತ್ತು ನೆನಪಾಗುತ್ತದೆ. 1976ರಲ್ಲಿ ಪಣಂಬೂರಿನಲ್ಲಿ ಎಂಸಿಎಫ್ ರಸಗೊಬ್ಬರ ಉತ್ಪಾದನೆ ಶುರು ಮಾಡಿತು. 1988ರಲ್ಲಿ ಹುಟ್ಟಿದ ಎಂಆರ್‌ಪಿಎಲ್ 1996ರಲ್ಲಿ ತೈಲ ಶುದ್ಧೀಕರಣ ಆರಂಭಿಸಿತು. ಅದು ಬಂದದ್ದು ಕಾಟಿಪಳ್ಳದ ಆಚೆಯ ಕುತ್ತೆತ್ತೂರು, ಪೆರ್ಮುದೆ, ಬಾಳ, ಕಳವಾರು ಕಡೆಗೆ. ಒಮ್ಮೆ ಸಮುದ್ರದ ಕಡೆಯಿಂದ ಎದ್ದು ಬಂದವರ ಬೆನ್ನ ಹಿಂದಿನ ಹಳ್ಳಿಗಳಿಗೂ ನೋಟಿಸು ಬಂತು. ನಡುವೆ ಸಿಕ್ಕಿದ ಕಾಟಿಪಳ್ಳ ಬಾಡಿಗೆ ಮನೆಗಳ ಊರಾಯಿತು, ಅಂಗಡಿಗಳ ಊರಾಯಿತು, ನಗರವಾಯಿತು. ಮಂಗಳೂರು ಮಹಾನಗರಪಾಲಿಕೆಯ 60 ವಾರ್ಡುಗಳಲ್ಲಿ ಕಾಟಿಪಳ್ಳ ಪೂರ್ವ, ಕಾಟಿಪಳ್ಳ ಕೃಷ್ಣಾಪುರ, ಕಾಟಿಪಳ್ಳ ಉತ್ತರ ಎಂದು ಮೂರು ಇವೆ. ಗಣೇಶಪುರದ ಮಹಾಗಣಪತಿ, ಬ್ಲಾಕುಗಳ ಮಸೀದಿಗಳು, ಬಾಲ ಮರಿಯಮ್ಮನ ಇಗರ್ಜಿ ಎಲ್ಲವಕ್ಕೂ ಈಗ ಹೊರಗಿನಿಂದ ಬಂದ ಭಕ್ತರೂ ಇದ್ದಾರೆ.

ಬಂದರು, ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡ ಈ ಭಾಗದ ಇಗರ್ಜಿಗಳಿಗೆ ಸೆಪ್ಟೆಂಬರಿನಲ್ಲಿ ಎದುರಾಗುವ ಕಷ್ಟ ಬೇರೆಯೇ. ಮೊಂತಿ ಫೆಸ್ತಿಗೆ ಮನೆಗೊಂದು ತೆನೆ ಎಂದರೆ ನೂರಾರು ತೆನೆ ಬೇಕು, ಅದೂ ಹಾಲು ತುಂಬಿ ಗಟ್ಟಿಯಾಗುವ ಹದದ್ದು. ಗದ್ದೆ ಸೈಟಾಗಿದೆ, ಇಲ್ಲವೆ ಕಾಂಪೌಂಡಿನ ಒಳಗೆ ಹೋಗಿದೆ. ಹಾಗಾಗಿ ಗುರ್ಕಾರರ ಕೆಲಸಕ್ಕೆ ಇನ್ನೊಂದು ಕೂಡಿದೆ. ಬೇಸಾಯ ಬಿಡದ ಯಾರನ್ನಾದರೂ ದೂರದ ಹಳ್ಳಿಯಲ್ಲಿ ಹುಡುಕಿ ಆಗಸ್ಟಿಗೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಕೆಲವು ಇಗರ್ಜಿಗಳಲ್ಲಿ ಯುವಜನರು ಅಂಗಳದ ಮೂಲೆಯಲ್ಲೇ ಪಾತಿ ಮಾಡಿ ಭತ್ತ ಬಿತ್ತುತ್ತಾರೆ. ಯಾವ ತಳಿಯನ್ನು ಯಾವ ವಾರ ಬಿತ್ತಿದರೆ ಸೆಪ್ಟೆಂಬರ್ 8ಕ್ಕೆ ತೆನೆ ಬರುತ್ತದೆ ಎಂಬ ಲೆಕ್ಕ ಗೊತ್ತಿರುವ ಹಿರಿಯರಿಗೆ ಆಗ ಪಾಲನಾ ಮಂಡಳಿಯ ಸಭೆಯಲ್ಲಿ ಒಳ್ಳೆಯ ಬೇಡಿಕೆ.